ಸೇಬಿನ ಹಾರ ಎತ್ತುವ ಕ್ರೇನ್ ಮತ್ತು ‘ಆಗಲ್ಲ’ ಅನ್ನಲಾಗದ ಆಪರೇಟರ್

2023ರ ವಿಧಾನಸಭಾ ಚುನಾವಣೆ ಹೊತ್ತಿನ ವಿಡಿಯೋಗಳನ್ನು ನೆನಪಿಸಿಕೊಳ್ಳಿ. ಪಕ್ಷ ಯಾವುದಾದರೂ ಇರಲಿ, ದೃಶ್ಯ ಒಂದೇ. ತೆರೆದ ವಾಹನದ ಮೇಲೆ ನಾಯಕರು, ಎದುರಿಗೆ ಹಳದಿ ಬಣ್ಣದ ಕ್ರೇನ್, ಅದರ ಕೊಕ್ಕೆಯಲ್ಲಿ ಸೇಬಿನದೋ ಮೂಸಂಬಿಯದೋ ಕ್ವಿಂಟಾಲ್‌ಗಟ್ಟಲೆ ತೂಗುವ ಹಾರ. ಅಕ್ಕಪಕ್ಕದ ಜೆಸಿಬಿ ಬಕೆಟ್‌ಗಳಲ್ಲಿ ನಿಂತ ಹುಡುಗರು ಹೂವು ಎರಚುತ್ತಾರೆ. ಹಾರ ಕೆಳಗಿಳಿಯುತ್ತಿದ್ದಂತೆ ಜನ ಕೊಕ್ಕೆಯ ನೇರಕ್ಕೇ ನುಗ್ಗಿ ಹಣ್ಣು ಕೀಳುತ್ತಾರೆ. ರೀಲ್ಸ್‌ಗೆ ಇದಕ್ಕಿಂತ ಒಳ್ಳೆ ಸರಕು ಸಿಗೋದು ಕಷ್ಟ.

ಇದನ್ನು ದುಂದುವೆಚ್ಚ ಅಂತ ಬೈದವರಿದ್ದಾರೆ, ವ್ಯಕ್ತಿಪೂಜೆ ಅಂತ ಬೈದವರೂ ಇದ್ದಾರೆ. ಎರಡೂ ಸರಿಯೇ. ಆದರೆ ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದ ನನಗೆ ಆ ವಿಡಿಯೋಗಳಲ್ಲಿ ಕಣ್ಣು ಹೋಗೋದು ಕ್ಯಾಬಿನ್ ಒಳಗೆ ಕೂತ ಆಪರೇಟರ್ ಕಡೆಗೆ. ಭಾರ ಗಾಳಿಯಲ್ಲಿದ್ದಾಗ ಅದರ ಕೆಳಗೆ ಯಾರೂ ನಿಲ್ಲಬಾರದು ಅನ್ನೋದು ಈ ಕೆಲಸದ ಮೊದಲ ಪಾಠ. ಯಾವ ಸೈಟಿಗೆ ಹೋದರೂ ಗೇಟಿನ ಬೋರ್ಡ್ ಮೇಲೆ ಬರೆದಿರುತ್ತೆ. ಇಲ್ಲಿ ಸಾವಿರಾರು ಜನ ಕೆಳಗೆ ನಿಂತಿದ್ದಾರೆ. ನಾಳೆ ಮುಖ್ಯಮಂತ್ರಿಯೋ ಮಂತ್ರಿಯೋ ಆಗುವವರೂ ಅದೇ ಹಾರದಡಿ ಕೈಮುಗಿದು ನಿಂತಿದ್ದಾರೆ. ಆ ಆಪರೇಟರ್ ‘ಜನ ದೂರ ಹೋಗದೇ ನಾನು ಎತ್ತಲ್ಲ’ ಅಂದರೆ ಅವನ ಮಾತು ಕೇಳೋರು ಯಾರು?

ಅತಿಯಾಯ್ತು ಅನ್ನಿಸಿದರೆ ಪಕ್ಕದ ತಮಿಳುನಾಡು ನೋಡಿ. 2023ರ ಜನವರಿಯಲ್ಲಿ ಅರಕ್ಕೋಣಂ ಹತ್ತಿರದ ಹಳ್ಳಿಯೊಂದರ ಮಂಡಿಯಮ್ಮನ್ ಜಾತ್ರೆಯಲ್ಲಿ ದೇವರಿಗೆ ಹಾರ ಹಾಕಲು ಜನರನ್ನು ಎತ್ತಿಕೊಂಡಿದ್ದ ಕ್ರೇನ್ ಮಗುಚಿ ನಾಲ್ವರು ಸತ್ತರು. ಅಲ್ಲಿ ದೇವರು, ಇಲ್ಲಿ ಲೀಡರು. ಕ್ರೇನ್‌ಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಮಗುಚೋದು ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ರಸ್ತೆಗಳಲ್ಲಿ ಕಾಣುವ ಗಿಡ್ಡ ಕ್ರೇನ್‌ಗೆ ಎಲ್ಲರೂ ‘ಹೈಡ್ರಾ’ ಅಂತಾರೆ. ಭಾರ ಎತ್ತಿಕೊಂಡೇ ಮುಂದೆ ಹೋಗುವ ಗಾಡಿ ಇದು. 14 ಟನ್ ಹೈಡ್ರಾ ಅಂದ ತಕ್ಷಣ 14 ಟನ್ ಎತ್ತುತ್ತೆ ಅಂತ ಜನ ತಿಳಿದಿರ್ತಾರೆ. ಬೂಮ್ ಪೂರ್ತಿ ಒಳಗಿದ್ದು, ಭಾರ ಗಾಡಿಗೆ ಆದಷ್ಟು ಹತ್ತಿರವಿದ್ದು, ನೆಲ ಗಟ್ಟಿಯಾಗಿ ಮಟ್ಟಸವಾಗಿದ್ದರೆ ಮಾತ್ರ ಆ ಲೆಕ್ಕ. ಬೂಮ್ ಚಾಚಿದಷ್ಟೂ ಎತ್ತಬಹುದಾದ ತೂಕ ಇಳಿಯುತ್ತಾ ಹೋಗುತ್ತೆ. ಹಳ್ಳಿಯಲ್ಲಿ ಏತ ನೋಡಿದವರಿಗೆ ಇದು ಹೊಸದಲ್ಲ: ಎರಡು ಮೀಟರ್ ದೂರದ ಹತ್ತು ಟನ್ನೂ, ಹತ್ತು ಮೀಟರ್ ದೂರದ ಎರಡು ಟನ್ನೂ ಗಾಡಿಯನ್ನು ಮುಂದಕ್ಕೆ ಮಗುಚೋಕೆ ಒಂದೇ ಬಲ ಹಾಕುತ್ತವೆ. ಎಷ್ಟು ದೂರಕ್ಕೆ ಎಷ್ಟು ತೂಕ ಅನ್ನೋ ಪಟ್ಟಿಗೆ ಲೋಡ್ ಚಾರ್ಟ್ ಅಂತಾರೆ. ಅದು ಕ್ಯಾಬಿನ್ ಒಳಗೆ ಇರಬೇಕು. ನಾನು ನೋಡಿದ ಎಷ್ಟೋ ಗಾಡಿಗಳಲ್ಲಿ ಆ ಜಾಗದಲ್ಲಿ ದೇವರ ಫೋಟೋ ಇತ್ತು.

ಹಾರದ ತೂಕ ಹೈಡ್ರಾಗೆ ದೊಡ್ಡದಲ್ಲ, ನಿಜ. ಆದರೆ ಎತ್ತರ ಬೇಕು ಅಂತ ಬೂಮ್ ಪೂರ್ತಿ ಚಾಚಿರ್ತಾರೆ, ಹಾಗೇ ಮೆರವಣಿಗೆ ಜೊತೆ ಗಾಡಿ ಉರುಳ್ತಾ ಇರುತ್ತೆ, ಪಕ್ಕದಲ್ಲಿ ಚರಂಡಿ, ಮೇಲೆ ಕರೆಂಟ್ ತಂತಿ. ಹೈಡ್ರಾ ನಡು ಮುರಿದಂತೆ ತಿರುಗುತ್ತೆ, ಹಾಗಾಗಿ ತಿರುವಿನಲ್ಲಿ ಭಾರ ಪಕ್ಕಕ್ಕೆ ವಾಲುತ್ತೆ. ಹಳೇ ಮಾದರಿಯಲ್ಲಿ ಬೂಮ್ ಅಡ್ಡ ಬಂದು ಆಪರೇಟರ್‌ಗೆ ಮುಂದಿರೋದು ಸರಿಯಾಗಿ ಕಾಣೋದೇ ಇಲ್ಲ. ದೊಡ್ಡ ಕಂಪನಿಗಳು ಹಲವು ಕಡೆ ಈ ಮಾದರಿಯನ್ನು ಸೈಟಿನೊಳಗೆ ಬಿಡೋದಿಲ್ಲ. ಅಲ್ಲಿ ಬೇಡವಾದದ್ದು ನಮ್ಮ ಮೆರವಣಿಗೆಗೆ ಬರುತ್ತೆ.

ಕ್ರೇನಿನ ಲೆಕ್ಕ ಸರಿಯಿದ್ದರೂ ಕಟ್ಟುವುದರಲ್ಲಿ ಎಡವಬಹುದು. ಒಂದು ಟನ್ ಭಾರವನ್ನು ಎರಡು ಸ್ಲಿಂಗ್ ಹಾಕಿ ನೇರವಾಗಿ ಎತ್ತಿದರೆ ಒಂದೊಂದರ ಮೇಲೆ ಅರ್ಧ ಟನ್. ಅದೇ ಸ್ಲಿಂಗ್‌ಗಳು ನೆಲಕ್ಕೆ 30 ಡಿಗ್ರಿಯಷ್ಟೇ ಓರೆಯಾಗಿದ್ದರೆ ಒಂದೊಂದರ ಮೇಲೂ ಪೂರ್ತಿ ಒಂದು ಟನ್ ಎಳೆತ. ಅನುಭವ ಇರುವ ರಿಗ್ಗರ್ ಕಣ್ಣಳತೆಯಲ್ಲೇ ಇದನ್ನು ಹೇಳ್ತಾನೆ. ಆ ರಿಗ್ಗರ್‌ಗೆ ಸೈಟಿನಲ್ಲಿ ಖಲಾಸಿ ಅಂತಾರೆ, ‘ಇಳಿಸು’ ಅನ್ನೋಕೆ ಅವರು ‘ಆರಿಯಾ’ ಅಂತ ಕೂಗ್ತಾರೆ. ಹಳೇ ಹಡಗಿನವರ ಮಾತು ಅದು. ಸಂಬಳದ ಪಟ್ಟಿಯಲ್ಲಿ ಮಾತ್ರ ಅವನು ಬರೀ ‘ಹೆಲ್ಪರ್’.

ಈಗ ನನ್ನದೇ ಒಂದು ವಿಷಯ. ನಾನಿದ್ದ ಸೈಟಿನಲ್ಲಿ ಒಂದು ಮಳೆಗಾಲ ನಾಲ್ಕು ಟನ್ನಿನ ಪ್ರೀಕಾಸ್ಟ್ ಚರಂಡಿ ತುಂಡುಗಳನ್ನು ಇಳಿಸಬೇಕಿತ್ತು. ಬಾಡಿಗೆಗೆ ಬಂದದ್ದು ಹೈಡ್ರಾ ಅಲ್ಲ, ನಾಲ್ಕು ಕಾಲು ಚಾಚಿ ನಿಲ್ಲುವ ಕ್ರೇನ್. ಆ ಕಾಲುಗಳಿಗೆ ಔಟ್‌ರಿಗರ್ ಅಂತಾರೆ. ಆಪರೇಟರ್ ಯಾದಗಿರಿ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ನಾವೆಲ್ಲ ‘ಅಣ್ಣಾ’ ಅಂತಿದ್ವಿ. ಅವರು ಇಳಿದು ಬಂದು ನೆಲವನ್ನು ಕಾಲಲ್ಲಿ ಒತ್ತಿ ನೋಡಿದರು. ಒಂದು ಕಾಲು ಬೀಳುವ ಜಾಗದಲ್ಲಿ ವಾರದ ಹಿಂದಷ್ಟೇ ಪೈಪ್ ಹಾಕಿ ಮಣ್ಣು ಮುಚ್ಚಿದ್ದರು. ‘ಇಲ್ಲಿ ಆಗಂಗಿಲ್ಲ ಸರ. ಸ್ಟೀಲ್ ಪ್ಲೇಟ್ ತರಸ್ರಿ, ಇಲ್ಲಾಂದ್ರ ಆ ಕಡಿಂದ ಎತ್ತೂಣು’ ಅಂದರು. ಪ್ಲೇಟ್ ಬರೋಕೆ ಸಂಜೆಯಾಗುತ್ತೆ. ಕಾಂಟ್ರಾಕ್ಟರ್ ಫೋನಿನಲ್ಲೇ ಕೂಗಾಡಿ ‘ಬೇರೆ ಕ್ರೇನ್ ಕರೆಸು’ ಅಂದರು. ಕರೆಸಿದ್ದು ನಾನೇ.

ಎರಡನೇ ಕ್ರೇನ್‌ನ ಹುಡುಗ ಏನೂ ಕೇಳದೆ ಎತ್ತಿದ. ಮೂರನೇ ತುಂಡಿಗೆ ಔಟ್‌ರಿಗರ್ ಒಂದು ಗೇಣು ಮಣ್ಣಿಗಿಳಿಯಿತು, ಭಾರ ಜೋಲಿ ಹೊಡೆಯಿತು, ಸ್ಲಿಂಗ್ ಜಾರಿ ತುಂಡು ಬಿತ್ತು. ಹೆಲ್ಪರ್ ಹುಡುಗ ಒಂದು ಮಾರು ಈಚೆಗಿದ್ದ, ಉಳಿದ. ಆ ದಿನದ ರಿಪೋರ್ಟಿನಲ್ಲಿ ನಾನು ಬರೆದದ್ದು ‘ಮಳೆಯಿಂದ ಕೆಲಸ ವಿಳಂಬ’. ಮೊದಲ ಆಪರೇಟರ್ ಹೊರಡುವಾಗ ‘ನಾ ಆಗಂಗಿಲ್ಲ ಅಂದಿದ್ದು ಬರಕೊಳ್ರಿ’ ಅಂದಿದ್ದರು. ಬರೆಯೋಕೆ ಕಾಲಮ್ಮೇ ಇರಲಿಲ್ಲ. ಇದ್ದಿದ್ದರೂ ನಾನು ಬರೆಯುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಅವರ ಮಾಲೀಕರಿಗೆ ನಮ್ಮ ಸೈಟಿಂದ ಆಮೇಲೆ ಫೋನ್ ಹೋಗಲಿಲ್ಲ.

ಕಾನೂನು ಏನನ್ನುತ್ತೆ? 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್, ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ತಪಾಸಣೆ ಮಾಡಿಸಬೇಕು ಅಂತಿತ್ತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ನಿಯಮಗಳಲ್ಲಿ ಕ್ರೇನ್‌ಗಳಿಗೇ ಒಂದು ಅಧ್ಯಾಯ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತಾ ಸಂಹಿತೆ, ಇವೆರಡನ್ನೂ ಸೇರಿ 13 ಕಾಯ್ದೆಗಳನ್ನು ನುಂಗಿತು. ಇನ್ಸ್‌ಪೆಕ್ಟರ್ ಈಗ ‘ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್’. ಹೆಸರೇ ಹೇಳುತ್ತೆ ಯಾರಿಗೆ ಅನುಕೂಲ ಅಂತ.

ಈ ಸಂಹಿತೆಯ 14ನೇ ಸೆಕ್ಷನ್‌ಗೆ ‘ನೌಕರರ ಹಕ್ಕುಗಳು’ ಅಂತ ಹೆಸರಿದೆ. ಜೀವಕ್ಕೆ ಅಪಾಯ ಕಂಡರೆ ಕಾರ್ಮಿಕ ಅದನ್ನು ಮಾಲೀಕನ ಗಮನಕ್ಕೆ, ಜೊತೆಗೇ ಇನ್ಸ್‌ಪೆಕ್ಟರ್ ಗಮನಕ್ಕೆ ತರಬಹುದು. ಮಾಲೀಕನಿಗೆ ಅಪಾಯ ಇದೆ ಅನ್ನಿಸಿದರೆ ಸರಿಪಡಿಸಬೇಕು, ಅನ್ನಿಸದಿದ್ದರೆ ವಿಷಯ ಇನ್ಸ್‌ಪೆಕ್ಟರ್‌ಗೆ ಹೋಗುತ್ತೆ, ಅವರದ್ದೇ ಕೊನೇ ಮಾತು. ಅಲ್ಲಿಯವರೆಗೆ ಆಪರೇಟರ್ ಲಿವರ್ ಬಿಟ್ಟು ಕೆಳಗಿಳಿಯಬಹುದಾ? ಅದನ್ನು ಸೆಕ್ಷನ್ ಬಾಯಿಬಿಟ್ಟು ಹೇಳಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಹೇಳುತ್ತೆ: ಗಂಭೀರ ಅಪಾಯ ಕಂಡು ಕೆಲಸದಿಂದ ಹಿಂದೆ ಸರಿದವನಿಗೆ ಶಿಕ್ಷೆಯಾಗಬಾರದು. ಅದನ್ನು ಭಾರತ ಅನುಮೋದಿಸಿಲ್ಲ.

ಇನ್ನೊಂದು ಗಂಟಿದೆ. ಬಾಡಿಗೆ ಕ್ರೇನ್ ಆಪರೇಟರ್‌ಗೆ ‘ಮಾಲೀಕ’ ಯಾರು? ಸಂಬಳ ಕೊಡೋನು ಎಲ್ಲೋ ಕೂತ, ಎರಡು ಗಾಡಿ ಇಟ್ಟುಕೊಂಡ ಸಣ್ಣ ಯಜಮಾನ. ‘ಎತ್ತು’ ಅನ್ನೋನು ಸೈಟಿನ ಕಾಂಟ್ರಾಕ್ಟರ್. ಸಂಹಿತೆ ಸಾಮಾನ್ಯವಾಗಿ ಅನ್ವಯಿಸೋದು ಹತ್ತು ಜನರಾದರೂ ಕೆಲಸ ಮಾಡುವ ಕಡೆಗೆ. ಸಣ್ಣ ಯಜಮಾನನ ಲೆಕ್ಕ ಹತ್ತಕ್ಕೆ ಮುಟ್ಟಲ್ಲ. ಇನ್ನು ಮೆರವಣಿಗೆ ಅನ್ನೋದು ಯಾವ ‘ಸಂಸ್ಥೆ’? ಅದೇ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಜೈಲು. ಲಿವರ್ ಹಿಡಿದ ಕೈ ಯಾರದು ಅಂತ ಹುಡುಕೋದು ಪೊಲೀಸರಿಗೂ ಸುಲಭ. ‘ಆಗಲ್ಲ’ ಅನ್ನೋ ಅಧಿಕಾರ ಇಲ್ಲದವನ ತಲೆ ಮೇಲೇ ಹೊಣೆ ಕೂರುತ್ತೆ.

ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. 2023ರ ಜನವರಿ 10ರಂದು ನಾಗವಾರದ ಹತ್ತಿರ ಮೆಟ್ರೋ ಕಂಬಕ್ಕೆ ನಿಲ್ಲಿಸಿದ್ದ ಕಬ್ಬಿಣದ ಪಂಜರ ರಸ್ತೆಗೆ ಉರುಳಿ ಸ್ಕೂಟರಿನಲ್ಲಿದ್ದ ತಾಯಿ ಮತ್ತು ಮಗು ಸತ್ತರು. 2025ರ ಏಪ್ರಿಲ್‌ನಲ್ಲಿ ಯಲಹಂಕದ ಕೋಗಿಲು ಕ್ರಾಸ್ ಬಳಿ ಸಾಗಿಸುತ್ತಿದ್ದ ಗರ್ಡರ್ ಆಟೋ ಮೇಲೆ ಬಿದ್ದು ಚಾಲಕ ಹೋದರು. ಎರಡೂ ಕ್ರೇನ್ ಮಗುಚಿದ ಕಥೆಗಳಲ್ಲ, ಭಾರವನ್ನು ಕಟ್ಟಿ ನಿಲ್ಲಿಸುವ, ಕಟ್ಟಿ ಸಾಗಿಸುವ ಕೆಲಸದ ಕಥೆಗಳು. ಮಹಾರಾಷ್ಟ್ರದ ಶಹಾಪುರದಲ್ಲಿ 2023ರ ಆಗಸ್ಟ್ 1ರಂದು ಸಮೃದ್ಧಿ ಹೆದ್ದಾರಿಯ ಗರ್ಡರ್ ಎತ್ತುವ ಯಂತ್ರ ಕುಸಿದಾಗ ಸತ್ತವರು 20 ಜನ. ಅವರು ಅಲ್ಲಿ ದುಡಿಯುತ್ತಿದ್ದವರು.

ನಮಗೆ ಇದು ಸರಿಯಾಗಿ ಮಾಡೋಕೆ ಬರಲ್ಲ ಅಂತೇನೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ನೀರು ಹರಿಯುತ್ತಿರುವಾಗಲೇ ಕ್ರೇನ್‌ಗಳಿಂದ ಐದು ತುಂಡು ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತಿದ್ದರು. ಅವಸರ ಇತ್ತು, ರೈತರ ಬೆಳೆ, ರಾಜಕೀಯ, ಟಿವಿ ಕ್ಯಾಮೆರಾ ಎಲ್ಲಾ ಇತ್ತು. ಆದರೂ ಯಾವಾಗ ಎತ್ತಬೇಕು, ಯಾವಾಗ ಬೇಡ ಅನ್ನೋದನ್ನು ಕೆಲಸ ಗೊತ್ತಿದ್ದವರ ಮಾತಿಗೆ ಬಿಟ್ಟಿದ್ದರು. ಸರಪಳಿ ತುಂಡಾಗುವ ಮುಂಚೆ ಅಂಥವರ ಮಾತು ಯಾರು ಕೇಳಿದ್ದರು ಅನ್ನೋದು ಬೇರೆ ಲೇಖನ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಸಂಹಿತೆಯಡಿ ನಿಯಮ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪ್ರತಿ ಲಿಫ್ಟಿಂಗ್ ಕೆಲಸಕ್ಕೂ ಒಂದು ರಿಜಿಸ್ಟರ್, ಅದರಲ್ಲಿ ‘ಆಪರೇಟರ್/ರಿಗ್ಗರ್ ನಿರಾಕರಿಸಿದ್ದು, ಕಾರಣ’ ಅನ್ನೋ ಒಂದು ಕಾಲಮ್ ಕಡ್ಡಾಯ ಮಾಡಲಿ. ನಿರಾಕರಿಸಿದ ಮೇಲೆ ಬೇರೆ ಕ್ರೇನ್ ಕರೆಸಿದರೆ, ಕರೆಸಿದವನ ಸಹಿಯೂ ಅಲ್ಲೇ ಇರಲಿ. ಅಂಥ ಪುಸ್ತಕ ಅವತ್ತು ಇದ್ದಿದ್ದರೆ ಅದರಲ್ಲಿ ನನ್ನ ಸಹಿ ಇರುತ್ತಿತ್ತು. ಮೆರವಣಿಗೆಗೆ ಹೊಸ ಕಾನೂನೂ ಬೇಡ. ಮೈಕ್‌ಗೆ ಪೊಲೀಸರ ಅನುಮತಿ ಬೇಕಲ್ಲ, ಅದೇ ಅರ್ಜಿಯಲ್ಲಿ ಜನರ ತಲೆ ಮೇಲೆ ಕ್ರೇನ್ ಎತ್ತಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳಲಿ. ಕೆಳಗೆ ಸಹಿ ಹಾಕಬೇಕಾದ್ದು ಹಾರ ಹಾಕಿಸಿಕೊಳ್ಳೋರು.