ಮುಖಕ್ಕೆ ಏನು ಹಚ್ಚುತ್ತೀಯಮ್ಮ?

ಕಿಡ್ನಿ ವೈದ್ಯರ ಮುಂದೆ ಕೂತರೆ ಯಾವ ಪ್ರಶ್ನೆಗಳು ಬರುತ್ತವೆ ಎಂಬುದು ನಮಗೆಲ್ಲ ಗೊತ್ತು. ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಎಷ್ಟು, ಮೈಕೈ ನೋವಿಗೆ ಮಾತ್ರೆ ನುಂಗುವ ಅಭ್ಯಾಸ ಉಂಟೇ? ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿತು: ಮುಖಕ್ಕೆ ಏನು ಹಚ್ಚುತ್ತೀಯಮ್ಮ?

2021ರ ಜುಲೈ ಮತ್ತು 2023ರ ಸೆಪ್ಟೆಂಬರ್ ನಡುವೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮೆಂಬ್ರೇನಸ್ ನೆಫ್ರೋಪತಿಯ 22 ಪ್ರಕರಣಗಳು ಪತ್ತೆಯಾದವು. ಕಿಡ್ನಿಯ ಜರಡಿ ಹಾಳಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ರೋಗ ಇದು. ಪರೀಕ್ಷಿಸಿ ನೋಡಿದರೆ 15 ಮಂದಿಯಲ್ಲಿ ‘ನೆಲ್-1’ ಎಂಬ ಅಪರೂಪದ ಬಗೆ. ಅಪರೂಪದ್ದು ಒಂದೇ ಸೀಮೆಯಲ್ಲಿ ಹೀಗೆ ಗುಂಪುಗೂಡಿದ್ದೇಕೆ? ವಿಚಾರಿಸುತ್ತಾ ಹೋದಾಗ ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದುದು ಹೊರಬಿತ್ತು. ಕ್ರೀಮು ನಿಲ್ಲಿಸಿದ ಮೇಲೆ ಬಹುತೇಕರು ಚೇತರಿಸಿಕೊಂಡರು. ಬೆರಳು ತೋರಿದ್ದು ಆ ಕ್ರೀಮುಗಳಲ್ಲಿನ ಪಾದರಸದ ಕಡೆಗೆ.

ಪಾದರಸದ ಲವಣಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಯನ್ನೇ ತಡೆಯುತ್ತವೆ. ಆದ್ದರಿಂದಲೇ ಅವು ‘ಕೆಲಸ ಮಾಡುತ್ತವೆ’. ಮುಖ ನಿಜವಾಗಿಯೂ ಬೆಳ್ಳಗಾಗುತ್ತದೆ, ಬಿಟ್ಟರೆ ಕಪ್ಪು ಮರಳುತ್ತದೆ, ಮತ್ತೆ ಡಬ್ಬಿ ಬರುತ್ತದೆ. ಅಷ್ಟರಲ್ಲಿ ಚರ್ಮದ ಮೂಲಕ ಒಳಗಿಳಿದ ಪಾದರಸ ಕಿಡ್ನಿಯಲ್ಲಿ ಮನೆ ಮಾಡಿರುತ್ತದೆ. ಹಚ್ಚಿದವಳಿಗಷ್ಟೇ ಅಲ್ಲ, ಅವಳ ಕೆನ್ನೆಗೆ ಕೆನ್ನೆ ಒತ್ತಿ ಮಲಗುವ ಕೂಸಿಗೂ ಅದು ತಗಲುತ್ತದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಸೇರಿಕೊಂಡ ಪಾದರಸ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ಎಂದರೆ ಒಂದು ಟನ್ ಕ್ರೀಮಿಗೆ ಒಂದು ಗ್ರಾಂ. ಬೆಳ್ಳಗಾಗಿಸಲೆಂದೇ ಪಾದರಸ ಬೆರೆಸುವವರು ಶೇ 1ರಷ್ಟು ಹಾಕಿದರೂ ಅದು ಮಿತಿಯ ಹತ್ತು ಸಾವಿರ ಪಟ್ಟಾಯಿತು. ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನು 2025ರೊಳಗೆ ಪೂರ್ತಿ ನಿಲ್ಲಿಸಬೇಕೆಂದು ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದವು. ಭಾರತವೂ ಆ ಒಪ್ಪಂದದಲ್ಲಿದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ, ನಮ್ಮ ಪೇಟೆಗಳಲ್ಲಿ ಚರ್ಮದ ಸುರಕ್ಷತೆಯ ಮಾತು ಬೇರೊಂದು ದಾರಿ ಹಿಡಿದಿರುವುದು. ‘ಕ್ಲೀನ್ ಬ್ಯೂಟಿ’ ಎಂಬ ಹೊಸ ಮಂತ್ರ. ಬಾಟಲಿಯ ಮೇಲೆ ಒಂದು ಎಲೆಯ ಚಿತ್ರ, ಕೆಳಗೆ ‘ಇಲ್ಲ’ಗಳ ಪಟ್ಟಿ: ಪ್ಯಾರಾಬೆನ್ ಇಲ್ಲ, ಸಲ್ಫೇಟ್ ಇಲ್ಲ, ಸಿಲಿಕೋನ್ ಇಲ್ಲ, ‘ಕೆಮಿಕಲ್’ ಇಲ್ಲ. ನೀರೂ ಒಂದು ಕೆಮಿಕಲ್ಲೇ ಎಂಬ ಹಳೆಯ ಜೋಕನ್ನು ಬಿಡೋಣ. ‘ಕ್ಲೀನ್’ ಎಂಬ ಪದಕ್ಕೆ ನಮ್ಮ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಅಮೆರಿಕದಲ್ಲೂ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು.

ಪ್ಯಾರಾಬೆನ್‌ನ ಕತೆ ಸ್ವಲ್ಪ ಬಿಡಿಸಿ ನೋಡಬೇಕಾದದ್ದು. ಕ್ರೀಮು, ಲೋಷನ್ನು ಬೂಷ್ಟು ಹಿಡಿಯದಂತೆ ಕಾಯುವ ಹಳೆಯ ಸಂರಕ್ಷಕ ಅದು. 2004ರಲ್ಲಿ ಬ್ರಿಟನ್ನಿನ ಸಂಶೋಧಕರಿಗೆ ಸ್ತನದ ಗೆಡ್ಡೆಗಳ ಅಂಗಾಂಶದಲ್ಲಿ ಅದರ ಕುರುಹು ಸಿಕ್ಕಿತು. ಗೆಡ್ಡೆಗೆ ಅದೇ ಕಾರಣ ಎಂದು ಆ ಅಧ್ಯಯನ ತೋರಿಸಿರಲಿಲ್ಲ. ಆದರೆ ಸುದ್ದಿ ಹಬ್ಬಿತು, ‘ಪ್ಯಾರಾಬೆನ್ ಇಲ್ಲ’ ಎಂಬುದೇ ವ್ಯಾಪಾರದ ಘೋಷಣೆಯಾಯಿತು. ಯುರೋಪು 2014ರಲ್ಲಿ ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿ, ಇನ್ನೆರಡರ ಮಿತಿ ಇಳಿಸಿ, ಮಿಥೈಲ್, ಎಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಹಾಗೇ ಬಿಟ್ಟಿತು. ಅಳೆದು ತೂಗಿದ ತೀರ್ಮಾನ ಅದು. ಪೇಟೆಗೆ ಅಷ್ಟು ತಾಳ್ಮೆ ಇರಲಿಲ್ಲ. ಸಂರಕ್ಷಕ ಇಲ್ಲದೆ ನೀರಿನಂಶದ ಕ್ರೀಮು ಉಳಿಯುವುದಿಲ್ಲವಲ್ಲ, ಪ್ಯಾರಾಬೆನ್ ಜಾಗಕ್ಕೆ ಬಂದವುಗಳಲ್ಲಿ ಮಿಥೈಲ್‌ಐಸೋಥಿಯಜೋಲಿನೋನ್ ಒಂದು. ಕೆಲವೇ ವರ್ಷಗಳಲ್ಲಿ ತುರಿಕೆ, ಕೆಂಪು ದದ್ದು, ಊತ ಹೊತ್ತು ಜನ ಚರ್ಮರೋಗ ತಜ್ಞರ ಬಾಗಿಲು ತಟ್ಟಿದರು. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದರ ಬಳಕೆಯನ್ನು ಯುರೋಪು 2017ರಿಂದ ನಿಷೇಧಿಸಿತು. ಅದೇ ಅಮೆರಿಕದ ಸಂಘ 2019ರಲ್ಲಿ ಆಡಿದ ತಮಾಷೆ ಕೇಳಿ: ಆ ವರ್ಷದ ‘ಅಲರ್ಜಿ ತರದ ವಸ್ತು’ ಎಂಬ ಬಿರುದನ್ನು ಕೊಟ್ಟದ್ದು ಪ್ಯಾರಾಬೆನ್‌ಗೆ.

‘ನ್ಯಾಚುರಲ್’ ಎಂಬುದರ ಹಣೆಬರಹವೂ ಬೇರೆಯಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬರಬಹುದು, ತಿಂಗಳುಗಟ್ಟಲೆ ಕಲೆ ಉಳಿಯಬಹುದು. ಲ್ಯಾವೆಂಡರ್, ಕಿತ್ತಳೆ ಎಣ್ಣೆಗಳಲ್ಲಿರುವ ಲಿನಲೂಲ್, ಲಿಮೊನೀನ್‌ಗಳು ಗಾಳಿಗೆ ತೆರೆದುಕೊಂಡು ಹಳತಾದಂತೆ ಅಲರ್ಜಿಗೆ ದಾರಿ. ಗೋರಂಟಿ ಸೊಪ್ಪು ರುಬ್ಬಿ ಹಚ್ಚಿದರೆ ಕೆಂಪು. ಆದರೆ ಜಾತ್ರೆಯಲ್ಲಿ ಬೇಗನೆ ಕಪ್ಪು ಏರುವ ‘ಕಪ್ಪು ಮೆಹಂದಿ’ಯೊಳಗೆ ಇರುವುದು ಸಾಮಾನ್ಯವಾಗಿ ಕೂದಲ ಬಣ್ಣದ ಪ್ಯಾರಾಫಿನೈಲೀನ್‌ಡೈಅಮೈನ್. ಒಮ್ಮೆ ಅದಕ್ಕೆ ಅಲರ್ಜಿ ಹತ್ತಿತೆಂದರೆ ಮುಂದೆ ನರೆಗೂದಲಿಗೆ ಬಣ್ಣ ಹಚ್ಚುವಾಗಲೂ ಮುಖ ಊದಿಕೊಳ್ಳಬಹುದು. ಇನ್ನು ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿ. ಅದರ ಅಂಟಿನಲ್ಲಿರುವ ಒಂದು ಫಿನಾಲ್ ರಾಸಾಯನಿಕದಿಂದ ಬೊಟ್ಟಿನ ಜಾಗವೇ ಬಿಳಿಯಾಗುವುದನ್ನು ನಮ್ಮ ಚರ್ಮವೈದ್ಯರು ದಶಕಗಳಿಂದ ಕಂಡಿದ್ದಾರೆ. ಅಂಥ ಬಿಳಿ ಕಂಡೂ ಅದೇ ಜಾಗಕ್ಕೆ ದೊಡ್ಡ ಬಿಂದಿ ಅಂಟಿಸಿ ಮುಚ್ಚಿಕೊಳ್ಳುವ ಅಕ್ಕಂದಿರು ಎಷ್ಟು ಜನರೋ.

ಡಬ್ಬಿಯ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಪಡುವವರೂ ಇದ್ದಾರೆ. ಅದು ಹೇಳುವುದು ಸಸ್ಯಾಹಾರಿ ಮೂಲದ್ದು ಎಂದಷ್ಟೇ. ಪಾದರಸವೂ ಸಸ್ಯಾಹಾರಿಯೇ! ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬುದನ್ನೂ ಇಲ್ಲಿನ ಕಂಪನಿಯ ದೊಡ್ಡಗುಣ ಎಂದುಕೊಳ್ಳಬೇಕಿಲ್ಲ, ಸೌಂದರ್ಯವರ್ಧಕಗಳಿಗೆ ಆ ಪರೀಕ್ಷೆಯನ್ನು ನಮ್ಮಲ್ಲಿ 2014ರಲ್ಲೇ ನಿಷೇಧಿಸಲಾಗಿದೆ.

ಹಾಗಾದರೆ ನೋಡಬೇಕಾದದ್ದು ಯಾವುದು? ಮುಂಬದಿಯ ಎಲೆಯಲ್ಲ, ಹಿಂಬದಿಯ ಇರುವೆ ಗಾತ್ರದ ಅಕ್ಷರ. ಇಲ್ಲೇ ತಯಾರಾದದ್ದಾದರೆ ‘ಎಂ’ ಅಕ್ಷರದ ಮುಂದೆ ತಯಾರಿಕಾ ಪರವಾನಗಿ ಸಂಖ್ಯೆ, ‘ಬಿ’ ಮುಂದೆ ಬ್ಯಾಚ್ ಸಂಖ್ಯೆ ಇರಬೇಕು. ಆಮದಾದದ್ದಾದರೆ ‘ಆರ್.ಸಿ.’ ಎಂದು ನೋಂದಣಿ ಸಂಖ್ಯೆ, ತರಿಸಿದವರ ಹೆಸರು, ವಿಳಾಸ. ಆಮೇಲೆ ಪದಾರ್ಥಗಳ ಪಟ್ಟಿ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಎಂಬುದು ನಿಯಮ. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಒಂದು ಉಪಾಯ ಇದೆ: ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕಿ. ಯುರೋಪಿನಲ್ಲಿ ಅದರ ಮಿತಿಯೇ ಶೇ 1. ಆ ಅಳತೆಯಲ್ಲಿ ತಯಾರಾದ ಕ್ರೀಮಿನಲ್ಲಿ ಅದರ ನಂತರ ಬರುವ ಕೇಸರಿ, ಶ್ರೀಗಂಧ, ಮುತ್ತಿನ ಪುಡಿ ಎಲ್ಲ ಚಿಟಿಕೆಯ ಲೆಕ್ಕ. ಡಬ್ಬಿಯ ಮುಂದೆ ಕೇಸರಿಯ ಹೂವೇ ಅರಳಿರುತ್ತದೆ, ಆ ಮಾತು ಬೇರೆ.

ಈ ಬರಹವೇ ಇಲ್ಲದ ಡಬ್ಬಿ ನಮ್ಮ ನಿಜವಾದ ಆತಂಕ. ಬರೀ ಹೊರದೇಶದ ಲಿಪಿ, ವಿಳಾಸವಿಲ್ಲ, ಪದಾರ್ಥಗಳ ಹೆಸರಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಆರ್ಡರ್, ಪಾರ್ಲರಿನಲ್ಲಿ ಯಾವುದೋ ಕ್ರೀಮಿನ ಜೊತೆ ಕಲಸಿ ತುಂಬಿಕೊಟ್ಟದ್ದು. ಕ್ಯಾಲೊಮೆಲ್, ಮರ್ಕ್ಯುರಿಕ್ ಅಯೋಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರು ಕಂಡರೆ ಅದು ಪಾದರಸವೇ. ಆದರೆ ಕಳ್ಳ ತನ್ನ ಹೆಸರನ್ನು ಬಾಗಿಲ ಮೇಲೆ ಬರೆದುಹೋಗುವುದಿಲ್ಲ. ‘ಒಂದೇ ವಾರದಲ್ಲಿ ಬಿಳುಪು’ ಎಂಬ ಮಾತು ಮತ್ತು ಖಾಲಿ ಬೆನ್ನು ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಕೊಳ್ಳಬಾರದು, ಅಷ್ಟೇ.

ಲೇಬಲ್ ಸರಿಯಾಗಿಯೇ ಇದ್ದೂ ಹಾನಿ ಮಾಡುವ ಇನ್ನೊಂದು ಟ್ಯೂಬು ಮೆಡಿಕಲ್ ಶಾಪಿನಲ್ಲಿದೆ: ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್. ಇವು ಸ್ಟೀರಾಯ್ಡ್ ಔಷಧಗಳು. ಬಂಗಿಗೆಂದು ವೈದ್ಯರು ಕೆಲವು ವಾರಕ್ಕೆ ಬರೆದದ್ದನ್ನು ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಎಲ್ಲ ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ಹಾಳೆಯಂತೆ ತೆಳುವಾಗುತ್ತದೆ, ಕೆಂಪು ರಕ್ತನಾಳ ಕಾಣಿಸುತ್ತದೆ, ಮೊಡವೆ, ಗಲ್ಲದ ಮೇಲೆ ಕೂದಲು, ಬಿಟ್ಟರೆ ಉರಿ. 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಲಾಯಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿ ಎಷ್ಟಿವೆ, ನೀವೇ ಎಣಿಸಿ.

ದಿನಬಳಕೆಗೆ ಬೇಕಾದದ್ದು ಬಹಳವೇನಿಲ್ಲ. ಒಣ ಚರ್ಮಕ್ಕೆ ಗ್ಲಿಸರಿನ್, ಸೆರಮೈಡ್ ಇರುವ ಲೋಷನ್, ಇಲ್ಲವೇ ಪೆಟ್ರೋಲಿಯಂ ಜೆಲ್ಲಿ. ಬಿಸಿಲಿಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್. ಕಲೆ ತಿಳಿಯಾಗಲು ಬೇಕೆಂದರೆ ಶೇ 5ರೊಳಗಿನ ನಿಯಾಸಿನಮೈಡ್, ಆದರೆ ಅದು ಕೇಳುವುದು ತಿಂಗಳುಗಳ ತಾಳ್ಮೆ. ಬಸುರಿಯರು ರೆಟಿನಾಲ್ ಮುಟ್ಟಬಾರದು. ಸೂಕ್ಷ್ಮ ಚರ್ಮದವರಿಗೆ ಪರಿಮಳವಿಲ್ಲದ್ದೇ ಮೇಲು. ಯಾವುದೇ ಹೊಸದನ್ನು ಮೊದಲು ಮುಂಗೈಯ ಒಳಬದಿಗೆ ದಿನಕ್ಕೆ ಎರಡು ಸಲದಂತೆ ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಅಜ್ಜಿಯ ಕಡಲೆಹಿಟ್ಟಿಗೂ ಇದೇ ಪರೀಕ್ಷೆ.

ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳನ್ನು ಶೋಧಿಸಿ ಕ್ರೀಮುಗಳನ್ನು ಪರೀಕ್ಷೆಗೆ ಕಳಿಸಿತು. ಅಷ್ಟರಲ್ಲಿ ರೋಗಿಗಳು ಬರತೊಡಗಿಯಾಗಿತ್ತು. ಕರ್ನಾಟಕಕ್ಕೆ ರೋಗಿಗಳು ಬರುವ ಮುಂಚಿನ ಸಮಯ ಇನ್ನೂ ಇದೆ ಎಂದುಕೊಳ್ಳೋಣ. ಕಾಸರಗೋಡಿನಿಂದ ಮಂಗಳೂರಿಗೆ ಬರುವ ರೈಲಿನಲ್ಲಿ ಸಾಮಾನಿಗೆ ಗಡಿಯಿಲ್ಲ, ಗಲ್ಫ್‌ನಿಂದ ಕರಾವಳಿಯ ಮನೆಗಳಿಗೆ ಬರುವ ಉಡುಗೊರೆ ಪೆಟ್ಟಿಗೆಯನ್ನು ಯಾರೂ ತೆರೆದು ಓದುವುದಿಲ್ಲ, ಮೊಬೈಲಿಗಂತೂ ಬೀದರ್ ಆದರೇನು, ಚಾಮರಾಜನಗರ ಆದರೇನು. ಮದುವೆ ಸುಗ್ಗಿಗೆ ಮೊದಲೇ ನಮ್ಮ ಔಷಧ ನಿಯಂತ್ರಣಾಧಿಕಾರಿಗಳು ಫ್ಯಾನ್ಸಿ ಸ್ಟೋರುಗಳಿಂದ, ಆನ್‌ಲೈನ್ ಮಾರಾಟಗಾರರಿಂದ ಮಾದರಿ ಎತ್ತಬೇಕು. ಡಬ್ಬಿಯಲ್ಲಿ ಪಾದರಸ ಇದೆಯೇ ಎಂದು ನಿಮಿಷಗಳಲ್ಲಿ ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳಿವೆ. ಪ್ರತಿ ವಿಭಾಗಕ್ಕೆ ಒಂದೊಂದು ಕೊಂಡರೆ ಖಜಾನೆಯೇನೂ ಬರಿದಾಗದು. ಫಲಿತಾಂಶವನ್ನು ಫೈಲಿನಲ್ಲಿ ಮಲಗಿಸದೆ ಹೆಸರು ಸಹಿತ ಪ್ರಕಟಿಸಬೇಕು. ಕಾರಣ ತಿಳಿಯದ ಕಿಡ್ನಿ ಸೋರಿಕೆ ಕಂಡಾಗ ಜಿಲ್ಲಾಸ್ಪತ್ರೆಯ ವೈದ್ಯರೂ ಕೊಟ್ಟಕ್ಕಲ್‌ನ ಪ್ರಶ್ನೆಯನ್ನು ಕೇಳಬೇಕು. ಗಂಡಸರನ್ನೂ ಕೇಳಬೇಕು, ಅವರು ಹಚ್ಚುವುದಿಲ್ಲ ಎಂದುಕೊಳ್ಳುವುದು ನಮ್ಮ ಭ್ರಮೆ.

ಓದುಗರ ಪೈಕಿ ಯಾರಾದರೂ ಇಂಥ ಕ್ರೀಮು ಬಳಸುತ್ತಿದ್ದು, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಸಂಜೆಗೆ ಪಾದದಲ್ಲಿ ನೀರು, ಮೂತ್ರದಲ್ಲಿ ಬಿಡದ ನೊರೆ, ಕೈನಡುಕ, ನಿದ್ದೆಗೇಡು ಕಂಡಿದ್ದರೆ ಇಂದೇ ಹಚ್ಚುವುದನ್ನು ನಿಲ್ಲಿಸಿ ಮೂತ್ರ ಪರೀಕ್ಷೆ ಮಾಡಿಸಿ. ಹೆದರಿ ಡಬ್ಬಿಯನ್ನು ಕಸಕ್ಕೆ ಎಸೆಯಬೇಡಿ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಅದರೊಳಗೆ ಏನಿತ್ತು ಎಂದು ತಿಳಿಯಲು ಪ್ರಯೋಗಾಲಯಕ್ಕೆ ಬೇಕಾದದ್ದು ಆ ಉಳಿದ ಚೂರೇ.