ಹೊಟ್ಟೆಕಿಚ್ಚಿಗೆ ಪ್ರೀತಿಯೇ ಉತ್ತರ. ಆದರೆ ಎಂಥ ಪ್ರೀತಿ?



ತೋಟದ ಲೈನು ಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಒಂದು ಮನೆಯ ಒಗ್ಗರಣೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಒಬ್ಬರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು, ಒಬ್ಬನನ್ನು ಮೇಸ್ತ್ರಿ ಮಾಡಿದರು ಎಂದರೆ ಸಾಕು, ಅಂದೇ ಸಂಜೆ ನಲ್ಲಿಯ ಹತ್ತಿರ ಮಾತು ಶುರು. ಭಾನುವಾರ ಒಂದೇ ಚಾಪೆಯ ಮೇಲೆ ಕೂತು ಹಾಡಿದವರು ಸೋಮವಾರ ಮುಖ ತಿರುಗಿಸಿಕೊಂಡು ಕೆಲಸಕ್ಕೆ ಹೋಗುವುದನ್ನು ನಾವು ಕಂಡಿದ್ದೇವೆ. ಯಾಕೆ ಮುಚ್ಚಿಡಬೇಕು? ನಾವೂ ಹಾಗೆ ಹೋಗಿದ್ದೇವೆ.

ಇದಕ್ಕೆ ನಮ್ಮಲ್ಲಿ ಮೂರು ಸುಳ್ಳು ಮದ್ದುಗಳಿವೆ. ಮೊದಲನೆಯದು, ಬೈದವರಿಗೆ ಎರಡರಷ್ಟು ಬೈಯುವುದು. ಎರಡನೆಯದು ಇನ್ನೂ ಕೆಟ್ಟದ್ದು: ಮೊಣಕಾಲೂರಿ, ನಮ್ಮನ್ನು ಕಂಡು ಉರಿಯುವವರು ಹಾಳಾಗಲಿ ಎಂದು ದೇವರನ್ನೇ ಕೂಲಿಗೆ ಕರೆಯುವುದು. ಅದು ಪ್ರಾರ್ಥನೆಯಲ್ಲ, ಮಾಟ. ಮೂರನೆಯದನ್ನು ನಮಗೆ ಮೇಲಿನವರು ಕಲಿಸುತ್ತಾರೆ: "ನೀವು ಕ್ರೈಸ್ತರಲ್ಲವೇ? ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರಿ." ಈ ಮೂರನ್ನೂ ನಾವು ಒಪ್ಪುವುದಿಲ್ಲ.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯ ನಮ್ಮಂಥ ಕೂಲಿಗಳದ್ದೇ ಕಥೆ. ಬೆಳಗ್ಗೆ ದ್ರಾಕ್ಷೇ ತೋಟಕ್ಕೆ ಬಂದವರಿಗೂ ಹೊತ್ತು ಮುಳುಗುವ ಮುಂಚೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಮೊದಲು ಬಂದವರು ಗೊಣಗಿದರು. ಅವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿರಲಿಲ್ಲ; ಆದರೆ ಕಣ್ಣು ತಮ್ಮ ಕೈಯ ಮೇಲಿರದೆ ಪಕ್ಕದವನ ಕೈಯ ಮೇಲಿತ್ತು. ಕೊನೆಗೆ ಬಂದವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ಅವರೂ ಉಣ್ಣಬೇಕು ಎಂಬುದು ಅವರಿಗೆ ತೋಚಲಿಲ್ಲ. ಹೊಟ್ಟೆಕಿಚ್ಚು ಎಂದರೆ ಇದೇ.

ಇಚಲಕರಂಜಿಯನ್ನು ನೋಡಿರಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ತಂದರು. ಇಂದು ಊರೆಲ್ಲ ಮಗ್ಗದ ಸದ್ದು. ಅಲ್ಲಿ ನೇಯ್ದಷ್ಟಕ್ಕೆ ಕೂಲಿ. ಹಾಗಿರುವಾಗ ಒಳ್ಳೆಯ ಮಗ್ಗ, ಹರಿಯದ ನೂಲು ಯಾರಿಗೆ ಸಿಕ್ಕಿತು ಎಂದು ಒಬ್ಬರನ್ನೊಬ್ಬರು ನೋಡುವುದು ಸುಲಭ. ಕೊಲ್ಲಾಪುರದ ಕಬ್ಬಿನ ಹೊಲಗಳಿಗೆ ಬೀಡ್ ಜಿಲ್ಲೆಯಿಂದ ಟೋಳಿ ಕಟ್ಟಿಕೊಂಡು ಬರುವವರಲ್ಲಿ ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ' ಎಂದು ಲೆಕ್ಕ. ಮುಕಾದಮನ ಮುಂಗಡ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬ ಮಾತು ಅಲ್ಲಿಯೂ ಏಳುತ್ತದೆ. ಕೂಲಿಗಳು ತಮ್ಮತಮ್ಮಲ್ಲಿ ಉರಿದುಕೊಂಡಷ್ಟು ದಿನ ಕೂಲಿಯ ದರದ ಬಗ್ಗೆ ಕೇಳುವವರಿಲ್ಲ. ಹೊಟ್ಟೆಕಿಚ್ಚು ಪಾಪ ಮಾತ್ರವಲ್ಲ, ನಮಗೇ ನಷ್ಟ.

ಹಾಗಾದರೆ ಸುಮ್ಮನಿರುವುದೇ ಪ್ರೀತಿಯೋ? ಇಲ್ಲ. ಮಹಾಯಾಜಕನ ಎದುರಿನಲ್ಲಿ ಸೇವಕನೊಬ್ಬ ಕೆನ್ನೆಗೆ ಹೊಡೆದಾಗ ನಮ್ಮ ಕರ್ತನು ತಿರುಗಿ ಹೊಡೆಯಲಿಲ್ಲ. ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ಯಾಕೆ ಹೊಡೆದೆ ಎಂದು ನೇರವಾಗಿ ಕೇಳಿದನು. ಶಿಲುಬೆಯ ಮೇಲೆ ತನ್ನನ್ನು ಕೊಂದವರಿಗಾಗಿ ಬೇಡಿಕೊಂಡವನೂ ಅವನೇ. ನ್ಯಾಯ ಕೇಳುವ ಬಾಯಿ, ಕ್ಷಮಿಸುವ ಮನಸ್ಸು, ಎರಡೂ ಒಬ್ಬನಲ್ಲಿಯೇ ಇದ್ದವು.

ಕೊಲ್ಲಾಪುರದವರು ಇಂದಿಗೂ ಹೇಳುವ ಸಂಗತಿಯೊಂದಿದೆ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬವರು ಕೆಲಸಕ್ಕಿದ್ದರು. ಮೇಲ್ಜಾತಿಯವರ ನೀರು ಮುಟ್ಟಿದರೆಂದು ಅವರನ್ನು ಬಡಿದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಅಷ್ಟಕ್ಕೇ ಬಿಡದೆ, ಗಂಗಾರಾಮರು ಚಹಾದಂಗಡಿ ಇಡುವುದಕ್ಕೆ ನೆರವಾದರು. ಜನ ಆ ಅಂಗಡಿಗೆ ಬರಲು ಹಿಂಜರಿದಾಗ ತಾವೇ ಅಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಅವರು ಕ್ರೈಸ್ತರಲ್ಲ. ಆದರೆ ಪೆಟ್ಟು ತಿಂದವನ ಪಕ್ಕದಲ್ಲಿ ಕೂತು ಒಂದು ಲೋಟ ಚಹಾ ಕುಡಿಯುವುದು ಪ್ರೀತಿಯೆಂದು ಅವರಿಗೆ ಗೊತ್ತಿತ್ತು. ಬ್ಯಾಪ್ಟಿಸ್ಮ ಪಡೆದ ನಮಗೆ ಗೊತ್ತಿದೆಯೇ?

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಜೀಪಿನಲ್ಲಿಯೇ ಸುಟ್ಟರು. ಪತ್ನಿ ಗ್ಲಾಡಿಸ್ ಅಮ್ಮನವರು ಕೊಂದವರನ್ನು ಕ್ಷಮಿಸಿದ್ದೇನೆಂದರು. 2004ರವರೆಗೂ ಅಲ್ಲಿಯ ಕುಷ್ಠರೋಗಿಗಳ ಸೇವೆಯಲ್ಲಿ ಮುಂದುವರಿದರು. ನ್ಯಾಯಾಲಯ ಅಪರಾಧಿಗೆ ಶಿಕ್ಷೆಯನ್ನೂ ಕೊಟ್ಟಿತು. ಕ್ಷಮೆ ನ್ಯಾಯಾಲಯದ ಬಾಗಿಲು ಮುಚ್ಚಲಿಲ್ಲ. ನ್ಯಾಯಾಲಯ ಕ್ಷಮೆಯನ್ನು ಸುಳ್ಳಾಗಿಸಲಿಲ್ಲ. ಅಷ್ಟು ದೊಡ್ಡ ಗಾಯಕ್ಕೆ ಆ ತಾಯಿ ಕ್ಷಮಿಸಿದರು. ನಲ್ಲಿಯ ಹತ್ತಿರ ಕೇಳಿದ ಒಂದು ಮಾತನ್ನು ನಾವು ಮೂರು ವರ್ಷ ಕಟ್ಟಿಟ್ಟುಕೊಳ್ಳುತ್ತೇವಲ್ಲ!

ಗಡಹಿಂಗ್ಲಜದ ಕಡೆ ಒಂದೇ ಸಂತೆಯಲ್ಲಿ ಕನ್ನಡವೂ ಮರಾಠಿಯೂ ಕೇಳುತ್ತವೆ. 2022ರ ಕೊನೆಯಲ್ಲಿ ಗಡಿಯ ಜಗಳ ಎದ್ದು, ಬಸ್ಸುಗಳಿಗೆ ಮಸಿ ಬಳಿದರು. ಬಸ್ಸು ನಿಂತಾಗ ಮಂತ್ರಿಗಳ ಕೆಲಸ ಕೆಡಲಿಲ್ಲ. ಕೂಲಿಗೆ ಹೋಗುವವರ ದಿನ ಕೆಟ್ಟಿತು. ಹಿರಣ್ಯಕೇಶಿ ನದಿ ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆಗೆ ಹರಿಯುವಾಗ ಯಾರ ಭಾಷೆಯನ್ನೂ ಕೇಳುವುದಿಲ್ಲ. ನಮ್ಮ ಲೈನುಗಳಲ್ಲಿಯೂ ತಮಿಳರು, ತುಳುವರು, ಅಸ್ಸಾಮಿನಿಂದ ಬಂದವರು ಇದ್ದಾರೆ. "ನಮ್ಮ ಕೆಲಸ ಕಿತ್ತುಕೊಳ್ಳಲು ಬಂದವರು" ಎಂದು ಅವರನ್ನು ಹಳಿಯುವ ಮೊದಲು ನಮ್ಮ ತಾತಂದಿರು ಎಲ್ಲಿಂದ ಬಂದರೆಂದು ನೆನೆಯೋಣ.

ಹಾಗಾದರೆ ಮಾಡುವುದೇನು? ನಿಮ್ಮ ಮೇಲೆ ಉರಿಯುವವರ ಹೆಸರು ಹಿಡಿದು, ಅವರ ಒಳ್ಳೆಯದಕ್ಕಾಗಿ ಈ ವಾರ ಪ್ರಾರ್ಥಿಸಿರಿ. ಚಾಡಿ ತಂದವರಿಗೆ, "ಬನ್ನಿ, ಅವರ ಎದುರಿಗೇ ಕೇಳೋಣ" ಎನ್ನಿರಿ. ಆ ಮನೆಯಲ್ಲಿ ಜ್ವರ ಬಂದರೆ ಗಂಜಿ ಕೊಂಡುಹೋಗಿರಿ. ಅವರ ಹಾಜರಿ ತಪ್ಪಾಗಿ ಬಿದ್ದರೆ ರೈಟರ ಬಳಿಗೆ ನೀವೇ ಜೊತೆಯಲ್ಲಿ ಹೋಗಿರಿ. ನಮಗೆ ಅನ್ಯಾಯವಾದರೆ ದ್ವೇಷವಿಲ್ಲದೆ, ಆದರೆ ಹೆದರದೆ, ಎಲ್ಲರೂ ಸೇರಿ ಕೇಳೋಣ.

ಅವರು ಬದಲಾಗದಿದ್ದರೆ? ಬದಲಾಗದೆಯೂ ಇರಬಹುದು. ಅದಕ್ಕಾಗಿ ನಾವು ಅವರಂತೆ ಆಗಬೇಕಾಗಿಲ್ಲ. ಗೋಡೆ ಒಂದೇ ಎಂದೆವಲ್ಲ; ಆಚೆಯಿಂದ ಬೈಗುಳ ಕೇಳಿಸುವಂತೆ ಈಚೆಯಿಂದ ಪ್ರಾರ್ಥನೆಯೂ ಕೇಳಿಸಲಿ.

ಕರ್ತನ ಶಾಂತಿ ನಿಮ್ಮ ಮನೆಗಳಲ್ಲಿರಲಿ.