ಮಕ್ಕಳು ಬೆಳೆದ್ರೆ ಬಾಕಿ ಮನ್ನಾನಾ?



"ಮಕ್ಕಳು ದೊಡ್ಡವರಾದ್ರಲ್ಲಮ್ಮ, ಇನ್ನೂ ಯಾಕೆ ಹಳೇ ಕೇಸು?" ಜೋಗುಪಾಳ್ಯದಲ್ಲಿ ನಮ್ಮ ಬೀದಿಯ ಅಕ್ಕನಿಗೆ ಈ ಮಾತು ಹೇಳಿದ್ದು ಯಾವ ಮೇಲ್ಜಾತಿ ಜಮೀನ್ದಾರನೂ ಅಲ್ಲ. ನಮ್ಮವರೇ. ಕೊರಳಲ್ಲಿ ನೀಲಿ ಶಾಲು ಹಾಕ್ಕೊಂಡವರು.

ಲೆಕ್ಕ ಹೇಳ್ತೀನಿ, ಕೇಳಿ. 2004ರಲ್ಲಿ ಕೋರ್ಟು ಆದೇಶ ಮಾಡಿತು: ಇಬ್ಬರು ಮಕ್ಕಳಿಗೆ ತಿಂಗಳಿಗೆ ತಲಾ 500 ರೂಪಾಯಿ. (ಕಾನೂನಲ್ಲಿದ್ದ 500ರ ಮಿತಿಯನ್ನ 2001ರಲ್ಲೇ ತೆಗೆದಿದ್ರು. ಆದ್ರೂ ಸ್ಲಂ ಹೆಂಗಸು ಬಂದ್ರೆ 500 ಸಾಕು ಅನ್ನೋ ಅಭ್ಯಾಸ ಹೋಗಿರಲಿಲ್ಲ.) ಆಗ ಮಗಳಿಗೆ ಮೂರು ವರ್ಷ, ಮಗನಿಗೆ ಒಂದು. ಇಬ್ಬರಿಗೂ 18 ತುಂಬೋವರೆಗೆ ಕೂಡಿದ್ರೆ 1,92,000. ಅಪ್ಪ ಕಟ್ಟಿದ್ದು ಎಂಟು ತಿಂಗಳು, 8,000. ಉಳಿದ 1,84,000 ಎಲ್ಲಿಂದ ಬಂತು? ಇಂದಿರಾನಗರದ ಮೂರು ಮನೇಲಿ ಪಾತ್ರೆ ತಿಕ್ಕಿ ಅಕ್ಕ ತಂದ್ರು. ಸಾಲದಿದ್ದಾಗ ಹಲಸೂರಿನ ಗಿರವಿ ಅಂಗಡೀಲಿ ಓಲೆ ಇಟ್ಟು ಸ್ಕೂಲ್ ಫೀಸು ಕಟ್ಟಿದ್ರು. ಓಲೆ ಮುಳುಗಿಹೋಯ್ತು. ಅಂದ್ರೆ ಅವನ ಸಾಲವನ್ನ ಅವರು ಬಡ್ಡಿ ಸಮೇತ ತೀರಿಸಿದ್ದಾರೆ.

ಸಂಘದ ಸಾಲದ ಒಂದು ಕಂತು ತಪ್ಪಿದ್ರೆ ಕಲೆಕ್ಷನ್‌ನವನು ಬಂದು ಬಾಗಿಲಲ್ಲೇ ಕೂರ್ತಾನೆ. ಅವನಿಗೆ ಯಾರಾದ್ರೂ "ಹೋಗ್ಲಿ ಬಿಡಪ್ಪ, ಮಕ್ಕಳು ದೊಡ್ಡವರಾದ್ರು" ಅಂದಿದ್ದು ಕೇಳಿದೀರಾ?

ಇನ್ನು ಕೆಲವರು ಕಾನೂನು ಗೊತ್ತಿರೋ ಹಾಗೆ ಮಾತಾಡ್ತಾರೆ: "ಒಂದು ವರ್ಷ ದಾಟಿದ್ರೆ ಬಾಕಿ ಹೋಯ್ತು." ಅರ್ಧ ಸತ್ಯ. ಸಿಆರ್‌ಪಿಸಿ 125(3)ರಲ್ಲಿ, ಅಂದ್ರೆ ಈಗಿನ ಬಿಎನ್‌ಎಸ್‌ಎಸ್ 144ರಲ್ಲಿ ಇರೋದು ಇಷ್ಟೇ: ವಾರಂಟ್ ಮೂಲಕ ವಸೂಲಿ ಬೇಕಾದ್ರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಕ್ಕೇ ಸತ್ತಿತು ಅಂತಲ್ಲ. ಸಿವಿಲ್ ದಾರಿ ಇದೆ ಅಂತ 2013ರಲ್ಲಿ ಪೂಂಗೊಡಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2005ರ ಶಾಂತಾ ವಿರುದ್ಧ ಶಿವನಂಜಪ್ಪ ನಮ್ಮ ಕರ್ನಾಟಕದ್ದೇ ಕೇಸು: ಮೊದಲ ಅರ್ಜಿ ಸಮಯಕ್ಕೆ ಹಾಕಿ ಅದಿನ್ನೂ ಇತ್ಯರ್ಥ ಆಗದೆ ಇದ್ರೆ, ಆಮೇಲೆ ಸೇರಿದ ತಿಂಗಳುಗಳಿಗೆ ವರ್ಷವರ್ಷ ಹೊಸ ಅರ್ಜಿ ಬೇಕಿಲ್ಲ. ಜೈಲಿಗೆ ಹೋಗಿ ಬಂದ್ರೆ ತೀರಿತು ಅನ್ನೋದೂ ಸುಳ್ಳು, 1988ರ ಕುಲದೀಪ್ ಕೌರ್ ತೀರ್ಪು ಓದ್ಕೊಳ್ಳಿ.

ಅಕ್ಕ 2005ರಲ್ಲೇ ಅರ್ಜಿ ಹಾಕಿದ್ರು, ಅದು ಇವತ್ತಿಗೂ ಮುಗಿದಿಲ್ಲ. ವಾರಂಟು "ವಿಳಾಸದಲ್ಲಿಲ್ಲ" ಅಂತ ವಾಪಸ್ ಬರ್ತಾನೇ ಇತ್ತು. ಆ ಮನುಷ್ಯ ಮಾತ್ರ ಪ್ರತಿ ಏಪ್ರಿಲ್ 14ಕ್ಕೆ ಫ್ಲೆಕ್ಸಿನಲ್ಲಿ ನಗ್ತಾ ಇದ್ದ.

ಅರ್ಜಿಯನ್ನೇ ಹಾಕದ ಹೆಂಗಸರ ಪಾಡು ಕೆಟ್ಟದ್ದು, ಅದನ್ನ ಮುಚ್ಚಿಡಲ್ಲ. ಸಿವಿಲ್ ದಾವೆಗೂ ಕಾಲಮಿತಿ ಇದೆ. ದಿನಗೂಲಿ ಬಿಟ್ಟು ವರ್ಷವರ್ಷ ಕೋರ್ಟಿಗೆ ಬಾ ಅನ್ನೋ ಕಾನೂನು ಯಾರನ್ನ ಮನಸ್ಸಲ್ಲಿಟ್ಟು ಬರೆದದ್ದೋ!

"ದಲಿತ ಗಂಡಸನ್ನ ಪೊಲೀಸರ ಕೈಗೆ ಕೊಡ್ತೀರಾ?" ಅಂತ ಒಬ್ಬ ಸಂಗಾತಿ ಕೇಳಿದ್ರು. ಆ ಭಯ ಸುಳ್ಳಲ್ಲ, ಠಾಣೇಲಿ ನಮ್ಮ ಹುಡುಗರಿಗೆ ಏನಾಗುತ್ತೆ ಅಂತ ನನಗೂ ಗೊತ್ತು. ಹಾಗಾದ್ರೆ ವಾರಂಟ್ ಬರೋ ಮುಂಚೆ ಕಟ್ಟಿಸಿ. ಕಂತಿನಲ್ಲಿ ಕಟ್ಟಿಸಿ. ಅದು ಬಿಟ್ಟು ಅವಳ ಬಾಯಿ ಮುಚ್ಚಿಸೋದು ಯಾವ ಐಕ್ಯತೆ ರೀ? ಆ ಮಕ್ಕಳೂ ದಲಿತರೇ ಅಲ್ವಾ? ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿ ಬಿಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ ಹಿಂದೂ ಕೋಡ್ ಬಿಲ್ ಕೈಬಿಟ್ಟಿದ್ದು. ಅವರ ಫೋಟೋ ಕೆಳಗೆ ಕೂತು "ಹೊಂದ್ಕೊಂಡು ಹೋಗಮ್ಮ" ಅಂತೀರಲ್ಲ, ನಾಚಿಕೆ ಆಗಲ್ವಾ?

ಅಕ್ಕಂದಿರೇ, ಹಳೇ ಆದೇಶದ ಕಾಪಿ ಹುಡುಕಿ, ಅರ್ಜಿ ನಂಬರ್ ತಗೊಂಡು ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ. ಹೆಂಗಸರಿಗೆ, ಎಸ್ಸಿ ಎಸ್ಟಿಗಳಿಗೆ ಆದಾಯ ಎಷ್ಟೇ ಇದ್ರೂ ವಕೀಲರು ಉಚಿತ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, ಸೆಕ್ಷನ್ 12.

ನಮ್ಮ ಸಂಘಟನೆಗಳಿಗೆ ಒಂದೇ ಬೇಡಿಕೆ: ಪದಾಧಿಕಾರಿ ಆಗೋ ಗಂಡಸು ಜೀವನಾಂಶದ ಬಾಕಿ ಇಲ್ಲ ಅಂತ ಮೊದಲು ಬರೆದುಕೊಡಲಿ. ಮುಂದಿನ ಸಭೇಲಿ ಇದನ್ನ ಲಿಖಿತವಾಗಿ ಇಡ್ತೀನಿ. ಜೊತೆಗೆ ಯಾರು ಸಹಿ ಹಾಕ್ತೀರ, ಹೇಳಿ.